ಭಂಡಾರಿಯವರ ಮೂರು ಮುಖಗಳು

ದೇವರು ಕೊಟ್ಟ ಮುಖವನ್ನು ಸ್ವಲ್ಪ ತಿದ್ದಿ ಕೊಡುವುದು ನನ್ನ ಕಸುಬು. ಮಾಟುಂಗದ ನಮ್ಮ ಕನ್ನಡ ಸಂಘ ಪ್ರತಿವರ್ಷ ಒಬ್ಬ ಹಿರಿಯರನ್ನು ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು ಅವರದೇ ಒಂದು ಭಾವಚಿತ್ರ ಕೊಟ್ಟು ಸನ್ಮಾನಿಸುತ್ತದೆ. ಆ ಭಾವಚಿತ್ರ ಬರೆಯುವವನು ನಾನು, ಜೋಗೇಶ್ವರಿಯ ಪೇಂಟರ್ ದಸ್ತಗೀರ್. ಊರು ವಿಜಯಪುರದ ಕಡೆ. ಇಪ್ಪತ್ತು ವರ್ಷಗಳಲ್ಲಿ ಒಬ್ಬ ಹಿರಿಯರೂ ನನ್ನ ಚಿತ್ರವನ್ನು ದೂರಿಲ್ಲ. ಗುಟ್ಟು ಸರಳ. ಮನೆಯಲ್ಲಿ ಕೂತು ಅವರ ಫೋಟೋ ನೋಡುತ್ತೇನೆ. ಸುಕ್ಕಿದ್ದರೆ ಅಳಿಸುತ್ತೇನೆ, ಗದ್ದ ಎರಡಿದ್ದರೆ ಒಂದು ಮಾಡುತ್ತೇನೆ, ತಲೆ ಖಾಲಿಯಿದ್ದರೆ ಭರ್ತಿ ಮಾಡುತ್ತೇನೆ. ನನ್ನ ಕುಂಚದ ಕೆಳಗೆ ಯಾರಿಗೂ ಐವತ್ತು ದಾಟಿಲ್ಲ!

ಅಂಗಡಿಗಳ ಬೋರ್ಡ್ ಬರೆಯುವ ಕೆಲಸವನ್ನು ಫ್ಲೆಕ್ಸ್ ಎಂದೋ ನುಂಗಿ ನೀರು ಕುಡಿದಿದೆ. ಈಗ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಕಪಾಟುಗಳಿಗೆ ಬೂದುಬಣ್ಣ ಹೊಡೆಯುತ್ತೇನೆ. ನಾನೂ ಕಲಾವಿದ ಎಂದು ಹೇಳಿಕೊಳ್ಳಲು ಉಳಿದದ್ದು ವರ್ಷಕ್ಕೊಂದು ಭಾವಚಿತ್ರ ಮಾತ್ರ. ಅದೂ ಹೋದರೆ ನಾನು ಬರೀ ಕಪಾಟಿನವನು.

ಈ ಸಲದ ಹಿರಿಯರು ಹೋಟೆಲ್ ಮಾಲೀಕ ಭಂಡಾರಿಯವರು. ವಯಸ್ಸು ಎಪ್ಪತ್ತೆರಡು. ನನ್ನ ಚಿತ್ರದಲ್ಲಿ ನಲವತ್ತೆಂಟು. ಬಣ್ಣ ಒಣಗುವ ಮೊದಲೇ ಕಾಲೇಜಿಗೆ ಹೋಗುವ ಮಗಳು ರುಖ್ಸಾರ್ ಮೊಬೈಲ್ ಹಿಡಿದು ಬಂದಳು.

"ಅಬ್ಬು, ಏಕ್‌ದಮ್ ಮಸ್ತ್ ಆಗ್ಯದ! ನಿಮ್ಮ ಹೆಸರಲೆ ಒಂದು ಪೇಜ್ ಮಾಡಿ ಆನ್‌ಲೈನ್ ಹಾಕ್ಲಿ ಕ್ಯಾ?"

"ಹಾಕವ್ವಾ, ಜಗತ್ತು ನೋಡ್ಲಿ" ಎಂದೆ. ಜಗತ್ತು ನೋಡಿತು! 'ಚೆನ್ನಾಗಿದೆ ಕಾಕಾ, ಯಾವ ಆ್ಯಪ್?' ಎಂದು ಒಬ್ಬ ಕೇಳಿದ್ದ. 'ಎಐ ಅಂತ ದೂರದಿಂದಲೇ ಗೊತ್ತಾಗುತ್ತೆ. ಈ ವಯಸ್ಸಿಗೆ ಚರ್ಮ ಹೀಗೆ ಹೊಳೆಯುತ್ತಾ?' ಎಂದು ಇನ್ನೊಬ್ಬ. 'ಭಂಡಾರಿ ಅಂಕಲ್‌ಗೆ ಕೂದಲು ಯಾವಾಗ ಬಂತು?' ಎಂದು ಮತ್ತೊಬ್ಬ.

"ಎಐ ಅಂದ್ರೇನವ್ವಾ?"

"ಮಷೀನ್ ಅಬ್ಬು. ಮುದುಕರ ಫೋಟೋ ಕೊಟ್ರ ಚಿಕ್ನಾ ಮಾಡಿ, ಕೂದಲ ಹಚ್ಚಿ, ಜವಾನ್ ಮಾಡಿ ಕೊಡ್ತದ."

"ಅದನ್ನ ನಾ ಇಪ್ಪತ್ತು ವರ್ಷದಿಂದ ಮಾಡಾಕತ್ತೀನಲ್ಲ!"

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾನದ ಪ್ರಶ್ನೆ. ಸಂಘದ ಸನ್ಮಾನಪತ್ರಗಳನ್ನು ಓದಿ ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಉತ್ತರ ಬರೆದೆ: 'ಮಾನ್ಯರೇ, ಸದರಿ ಭಾವಚಿತ್ರವು ನನ್ನ ಸ್ವಹಸ್ತದಿಂದ ಮೂಡಿಬಂದ ವಿನಮ್ರ ಕಲಾಸೇವೆಯಾಗಿರುತ್ತದೆ. ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಹೃತ್ಪೂರ್ವಕ ವಂದನೆಗಳು.'

ಎರಡೇ ನಿಮಿಷದಲ್ಲಿ ಮಾರುತ್ತರ ಬಂತು. 'ಈ ಕಾಮೆಂಟೂ ಎಐ ಬರೆದದ್ದೇ!'

ಹೆಂಡತಿ ಶಹನಾಜ್ ಅಡುಗೆ ಕಟ್ಟೆಯಿಂದಲೇ ನಕ್ಕಳು. "ಇಷ್ಟು ಶುದ್ಧ ಕನ್ನಡ ನಿಮ್ಮ ಬಾಯಾಗಿಂದ ನಾನೂ ಕೇಳಿಲ್ಲರೀ. ಮಂದಿ ಹ್ಯಾಂಗ ನಂಬ್ತಾರ?"

ಮರುದಿನ ಸಂಘದ ಕಾರ್ಯದರ್ಶಿ ಜೋಶಿಯವರ ಫೋನ್. ಅವರು ಧಾರವಾಡದವರು, ಸುತ್ತಿ ಬಳಸಿ ಮಾತಾಡುವವರಲ್ಲ. "ದಸ್ತಗೀರ್, ಸಮಿತಿಯೊಳಗ ಗದ್ದಲ ಎದ್ದದ. ಚಿತ್ರ ಮಷೀನಿಂದು ಅಂತ ಅರ್ಧ ಮಂದಿ ಅನ್ಲಿಕತ್ತಾರ. ಒಂದು ಕೆಲಸ ಮಾಡ್ರಿ. ಭಾನುವಾರ ಹಾಲ್‌ನಾಗ ಭಂಡಾರಿಯವರನ್ನ ಎದುರಿಗೆ ಕೂಡಿಸಿಕೊಂಡು, ಎಲ್ಲಾರ ಮುಂದ ಇನ್ನೊಮ್ಮೆ ಬರೀರಿ. ಲೈವ್ ಬಿಡೋಣು. ಎಲ್ಲಾರ ಬಾಯಿ ಮುಚ್ತಾವ."

"ಅಷ್ಟ ಹೌದಿಲ್ಲೋ?" ಎಂದೆ. ಎಷ್ಟೊಂದು ಧೈರ್ಯ!

ಭಾನುವಾರ ಬೆಳಿಗ್ಗೆ ಮೂರಡಿಯ ಮೊದಲ ಚಿತ್ರವನ್ನು ಸಾಕ್ಷಿಗೆಂದು ಲೋಕಲ್ ರೈಲಿನಲ್ಲಿ ತಲೆಯ ಮೇಲೆ ಹೊತ್ತು, ಸಂಸಾರ ಸಮೇತ ಮಾಟುಂಗ ತಲುಪಿದೆ. ಅದನ್ನು ಒಂದು ಕುರ್ಚಿಯ ಮೇಲಿಟ್ಟೆ. ಎದುರಿಗೆ ಭಂಡಾರಿಯವರು ಕೂತರು. ನನ್ನ ಬೆನ್ನ ಹಿಂದೆ ನಲವತ್ತು ಜನ, ಪಕ್ಕದಲ್ಲಿ ಮೊಬೈಲ್ ಹಿಡಿದ ರುಖ್ಸಾರ್.

ಎದುರಿಗೆ ಕೂತವರನ್ನು ನೋಡಿ ನಾನು ಈ ಹಿಂದೆ ಎಂದೂ ಚಿತ್ರ ಬರೆದಿರಲಿಲ್ಲ ಎಂಬುದು ಆಗ ನೆನಪಾಯಿತು.

ಕೂದಲಿನಿಂದ ಶುರು ಮಾಡೋಣವೆಂದು ಕುಂಚ ಎತ್ತಿದೆ. "ಅಲ್ಲೇನೂ ಇಲ್ಲ!" ಎಂದು ಹಿಂದಿನಿಂದ ಕೂಗು. ಇಳಿಸಿದೆ. ಒಂದು ಗದ್ದ ಬರೆದೆ. "ಇನ್ನೊಂದು ಎಲ್ಲಿ?" ಬರೆದೆ. ಆಮೇಲೆ ನೋಡಿದರೆ ಮೂರನೆಯದೂ ಇತ್ತು! ಅದನ್ನೂ ಬರೆದೆ. ಭಂಡಾರಿಯವರೋ ನಲವತ್ತು ವರ್ಷ ಗಲ್ಲಾದಲ್ಲಿ ಕೂತವರು, ಯಾರು ಬಾಗಿಲಿಗೆ ಬಂದರೂ "ಬನ್ನಿ ಬನ್ನಿ, ತಿಂಡಿ ಆಯ್ತಾ?" ಎನ್ನದೆ ಇರಲಾರರು. ಒಂದು ಗಂಟೆಯಲ್ಲಿ ಅವರ ಬಾಯಿ ಮುಚ್ಚಿದ್ದನ್ನು ನಾನು ನೋಡಲಿಲ್ಲ. ಹಾಗಾಗಿ ಚಿತ್ರದಲ್ಲೂ ಮುಚ್ಚಲಿಲ್ಲ.

"ಏನ್ರೀ, ಮೂಗು ಎಡಕ್ಕ ಹೊಂಟೈತಿ!" ಎಂದಳು ಶಹನಾಜ್. ಇದೂ ಲೈವ್ ಹೋಯಿತು. ಸರಿಪಡಿಸಲು ನೋಡಿದೆ. ಬಲಕ್ಕೆ ಹೋಯಿತು.

ಮುಗಿದಾಗ ನಲವತ್ತೂ ಜನ ಕುತ್ತಿಗೆ ಚಾಚಿ ಚಿತ್ರ ನೋಡಿದರು, ಆಮೇಲೆ ಭಂಡಾರಿಯವರನ್ನು ನೋಡಿದರು. ರುಖ್ಸಾರ್ ಮಾತ್ರ ಕುಣಿದಾಡಿದಳು. "ಅಬ್ಬು, ಸಬ್ ಮಾನ್ ಗಯೇ, ಎಲ್ಲಾರೂ ಒಪ್ಪಿಬಿಟ್ರು! 'ಇದು ಮನುಷ್ಯಂದೇ ಕೆಲಸ, ಯಾವ ಮಷೀನೂ ಇಷ್ಟು ಕೆಡಿಸಲ್ಲ' ಅಂತ ಬರೆದಾರ!"

ಜೋಶಿಯವರು ಮೈಕ್ ಹಿಡಿದರು. "ದಸ್ತಗೀರ್ ಅವರು ಕೈಯಿಂದಲೇ ಬರೆಯುತ್ತಾರೆಂಬುದು ಸಂಶಯಾತೀತವಾಗಿ ಸಾಬೀತಾಗಿದೆ." ಚಪ್ಪಾಳೆ! ನಾನು ಎದೆಯುಬ್ಬಿಸಿ ನಿಂತೆ. ಅವರು ಕುರ್ಚಿಯ ಮೇಲಿನ ಚಿತ್ರ ನೋಡಿದರು, ಹೊಸ ಚಿತ್ರ ನೋಡಿದರು, ಮತ್ತೆ ಮೈಕ್ ಹಿಡಿದರು. "ಆದ್ದರಿಂದ ಮೊದಲನೆಯ ಚಿತ್ರ ಈ ಕೈಯದಲ್ಲ ಎಂಬುದೂ ಸಾಬೀತಾಗಿದೆ." ಈ ಸಲ ಚಪ್ಪಾಳೆ ಜೋರಾಗಿತ್ತು.

ಭಂಡಾರಿಯವರು ಹೊಸ ಚಿತ್ರದ ಮುಂದೆ ಬಂದು ಗದ್ದಗಳನ್ನು ಎಣಿಸಿದರು. "ಬೇಜಾರು ಮಾಡ್ಬೇಡಿ ಮಾರಾಯ್ರೇ. ನಿಮ್ಮ ಮೇಲೆ ನನಗೆ ಸಂಶಯ ಇಲ್ಲ. ಆದ್ರೆ ಇದನ್ನು ಹೋಟೆಲಲ್ಲಿ ಹಾಕಿದ್ರೆ ಗಿರಾಕಿಗಳು ಅರ್ಧ ದೋಸೆ ಬಿಟ್ಟು ಎದ್ದು ಹೋದಾರು."

ಅಷ್ಟರಲ್ಲಿ ಅವರ ಸೊಸೆ, "ಮಾವ, ಇದು ನೋಡಿ" ಎಂದು ಮೊಬೈಲ್ ಮುಂದೆ ಚಾಚಿದರು. ಅರ್ಧ ನಿಮಿಷದಲ್ಲಿ ಮಷೀನ್ ಮಾಡಿಕೊಟ್ಟ ಚಿತ್ರ. ತುಂಬು ಕೂದಲು, ಒಂದೇ ಗದ್ದ, ಹೊಳೆಯುವ ಚರ್ಮ, ವಯಸ್ಸು ಸುಮಾರು ನಲವತ್ತೆಂಟು. ಥೇಟ್ ನನ್ನ ಚಿತ್ರವೇ! "ಇದು ಮಷೀನಿಂದು ಅಂತ ಹೇಳೇ ಮಾಡ್ಯಾರ. ಇದರಾಗ ಮೋಸಿಲ್ಲ" ಎಂದು ಜೋಶಿಯವರು ತೀರ್ಪಿತ್ತರು. ಸರ್ವಾನುಮತದಿಂದ ಅದು ಫ್ಲೆಕ್ಸ್‌ಗೆ ಹೋಯಿತು. ನಿಜ ಹೇಳುತ್ತೇನೆ, ನನಗೆ ಆಗ ಅಳು ಬಂತು. ಕುಂಚ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ನಡೆದೆ.

ಸನ್ಮಾನದ ದಿನ ಆ ಚಿತ್ರದ ಪರದೆ ಸರಿಸಲು ನನ್ನನ್ನೇ ಕರೆದರು. ಪಾಪ, ಸಮಾಧಾನಕ್ಕೆ. ಹೋಗಬಾರದಿತ್ತು. ಹೋದೆ. ಚಿತ್ರದ ಪಕ್ಕ ನಾನು ನಿಂತ ಫೋಟೋವನ್ನು ರುಖ್ಸಾರ್ ಪೇಜಿಗೆ ಹಾಕಿದಳು. ಊಟದ ಪಂಕ್ತಿ ಏಳುವುದರೊಳಗೆ ಕಾಮೆಂಟುಗಳ ಸುರಿಮಳೆ: 'ಇದಪ್ಪಾ ಕೈಕೆಲಸ!' 'ಆ ಕಣ್ಣಿನ ಜೀವಕಳೆ ಮಷೀನ್‌ಗೆ ಬರುತ್ತಾ?' 'ಸಂಶಯಪಟ್ಟಿದ್ದಕ್ಕೆ ಕ್ಷಮಿಸಿ.'

"ಖರೆ ಏನಂತ ಬರದುಬಿಡ್ರಿ" ಎಂದಳು ಶಹನಾಜ್.

"ಬರೀತೀನಿ" ಎಂದೆ. ಮೊಬೈಲ್ ತೆಗೆದುಕೊಂಡು 'ಈ ಚಿತ್ರ ನಾನು ಬರೆದದ್ದಲ್ಲ' ಎಂದು ಒಂದೊಂದೇ ಅಕ್ಷರ ಒತ್ತಿದೆ. ಕಳಿಸುವಷ್ಟರಲ್ಲಿ ಹೊಸದೊಂದು ಕಾಮೆಂಟ್ ಬಂತು: 'ಗುರುಗಳೇ, ನಿಮ್ಮ ಕೈಗೆ ದೊಡ್ಡ ನಮಸ್ಕಾರ.'

ಗುರುಗಳೇ! ನನ್ನನ್ನು ಹುಟ್ಟಿದಾಗಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ಬರೆದದ್ದನ್ನೆಲ್ಲ ಅಳಿಸಿದೆ. 'ಎಲ್ಲಾ ನಿಮ್ಮ ಆಶೀರ್ವಾದ' ಎಂದು ಬರೆದು ಕಳಿಸಿಬಿಟ್ಟೆ.