ಬೇವಿನೆಣ್ಣೆ, ದಾಸವಾಳ ಮತ್ತು ನಮ್ಮವರ ಸ್ಕೂಟರ್

ನಮ್ಮ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ಕರೆಯದೇ ಬರುತ್ತವೆ. ಈ ಸಲ ಅವು ಬಂದದ್ದು ಬೇವಿನೆಣ್ಣೆಯ ಬಾಟಲಿಯೊಳಗಿಂದ.

ಗೇಟಿನ ಪಕ್ಕದ ದಾಸವಾಳಕ್ಕೆ ಬಿಳಿ ಹುಳ ಹತ್ತಿತು. ಎಲೆ ಮುದುಡಿ, ಟೊಂಗೆಗೆಲ್ಲ ಅರಳೆ ಅಂಟಿಸಿದ ಹಾಗಾಗಿ, ಹೂ ಬಿಡುವುದೇ ನಿಂತಿತು. ಅತ್ತೆ ನಾಗಣಸೂರು ಬಿಟ್ಟು ಸೋಲಾಪುರಕ್ಕೆ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ ಅದು. ಅವರ ದೇವರಿಗೆ ದಿನಾ ಅದರದೇ ಹೂ. ನಮ್ಮವರಿಗೆ ಮಾತ್ರ ಆ ಜಾಗದಲ್ಲಿ ಅವರ ಹೊಸ ಸ್ಕೂಟರ್ ಕಾಣುತ್ತಿತ್ತು.

"ಸತ್ತ ಗಿಡಕ್ಕ ಯಾಕ ನೀರ ಹಾಕ್ತಿ? ತಗದಬಿಡೂಣು, ಗಾಡಿ ನಿಲ್ಲಾಕ ಜಾಗಾ ಆಗ್ತದ," ಎಂದರು.

"ದಸರಾದ ತನಕ ತಡೀರಿ. ಅಷ್ಟರಾಗ ಹೂ ಕಾಣಲಿಲ್ಲಂದ್ರ ನಾನೇ ಕಿತ್ತ ಕೊಡ್ತೀನಿ."

ಅತ್ತೆ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಕುರನೂರಿನ ರೈತನ ಮಗಳು, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

೧. ಇಸ್ತ್ರಿ ಅಂಗಿ

ಬೇವಿನೆಣ್ಣೆ ತಂದು ಸ್ಪ್ರೇ ಬಾಟಲಿಯ ನೀರಿಗೆ ಸುರಿದು ಹೊಡೆದೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ ಎಂಬುದು ರೈತನ ಮಗಳಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಗಿಡಕ್ಕೆ ಬರೀ ನೀರು ಹೋಯಿತು. ಮೇಲೆ ತೇಲುತ್ತಿದ್ದ ಎಣ್ಣೆ ಕಟ್ಟಕಡೆಗೆ ಚಿಮ್ಮಿದ್ದು, ಇಸ್ತ್ರಿ ಅಂಗಿ ತೊಟ್ಟು ನಮ್ಮವರು ಗೇಟು ತೆಗೆಯುವಾಗ, ಅವರ ಮೈಮೇಲೆ. ಹೊತ್ತಾಗಿತ್ತು, ಅದೇ ವಾಸನೆಯಲ್ಲಿ ಆಫೀಸಿಗೆ ಹೋದರು.

ಸಂಜೆ ಬಂದು, "ಮೀಟಿಂಗಿನ್ಯಾಗ ನನ್ನ ಆಜೂಬಾಜೂ ಒಬ್ರೂ ಕೂಡಲಿಲ್ಲ," ಎಂದರು.

"ಹಂಗಾರ ಔಷಧ ಛಲೋ ಅದರಿ," ಎಂದೆ.

೨. ಬೀಗರು ಬಂದರು

ನರ್ಸರಿಯವನನ್ನು ಕೇಳಿದೆ. ಎಣ್ಣೆಯನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಹಿಂಬದಿಗೂ ಹೊಡೆಯಬೇಕು ಎಂದ. ಕದಡಿಟ್ಟು ಒಳಗೆ ಹೋಗಿ, ಹಾಲು ಇಳಿಸಿ ಬಂದು ಹೊಡೆದೆ. ಬೆಳಿಗ್ಗೆ ನೋಡಿದರೆ ಗಿಡದ ತುಂಬ ಇರುವೆ.

ಅತ್ತೆ ಮೆಲ್ಲಗೆ ಬಾಯಿ ಬಿಟ್ಟರು. "ನೀ ಒಳಗ ಹೋದಾಗ ನಾನೇ ಬಾಟಲಿಗೆ ಒಂದೀಟ ಬೆಲ್ಲಾ ಹಾಕಿದ್ನೆವ್ವಾ. ಯುಗಾದಿ ಪಾಡ್ಯಾದ ದಿವಸ ಯಾರಿಗರೆ ಬರೇ ಬೇವ ಕೊಡ್ತೀವೇನು? ಗಿಡಕ್ಕೂ ಬಾಯಿ ಕಹಿ ಆಗ್ತದ."

ನಮ್ಮವರ ಖುಷಿ ಹೇಳತೀರದು. "ಹುಳಾ ಹೋಗೂದ ದೂರ ಉಳೀತು, ಅದರ ಬೀಗರೂ ಬಂದ್ರು," ಎಂದು ಇಡೀ ಓಣಿಗೆ ಸಾರಿದರು.

೩. ಕಹಿ ಚಹಾ

ಗಿಡ ತೊಳೆದೆ. ಅತ್ತೆಯ ಕೈಗೆ ಸಿಗದಂತೆ ಬೆಲ್ಲದ ಡಬ್ಬಿ ಎತ್ತಿಟ್ಟೆ. ವಾರಕ್ಕೊಮ್ಮೆ ಬಿಡದೆ ಹೊಡೆದೆ. ಹುಳ ಉದುರಿತು, ಚಿಗುರು ಬಂತು, ದಸರಾದ ಹೊತ್ತಿಗೆ ಮೊಗ್ಗೂ ಬಂದವು. ಆದರೆ ಸಂಜೆ ಕಂಡ ಮೊಗ್ಗು ಬೆಳಿಗ್ಗೆ ಇರುತ್ತಿರಲಿಲ್ಲ.

"ಹೂ ಎಲ್ಲದ?" ಎಂದು ನಮ್ಮವರು ದಿನಾ ಕೇಳುವರು.

ನಸುಕಿನಲ್ಲಿ ಕಂಡವರ ಗಿಡದ ಹೂ ಹರಿದು ತಮ್ಮ ದೇವರಿಗೆ ಏರಿಸುವುದು ನಮ್ಮ ಓಣಿಯಲ್ಲಿ ಪಾಪವಲ್ಲ. ಇದು ಪಕ್ಕದ ಮನೆಯ ಮರಾಠಿ ಹೆಂಗಸು ಕಾಕುವಿನದೇ ಕೆಲಸ ಎಂದು ಸಿಟ್ಟು ಬಂದು ಅವರ ಜೊತೆ ಮಾತು ಬಿಟ್ಟೆ. ದಸರಾದ ಹಿಂದಿನ ಸಂಜೆ ಎಲೆ, ಮೊಗ್ಗು ಒಂದೂ ಬಿಡದೆ ಬೇವಿನೆಣ್ಣೆಯಲ್ಲಿ ತೋಯಿಸಿದೆ.

ಹಬ್ಬದ ಬೆಳಿಗ್ಗೆ ನಮ್ಮವರು ಖಾರಿ ಬಿಸ್ಕೀಟು ಮುರಿದು ಚಹಾದಲ್ಲಿ ಅದ್ದಿ ಬಾಯಿಗಿಟ್ಟು ಮುಖ ಕಿವುಚಿದರು. "ಚಹಾ ಯಾಕ ಕಹಿ ಆಗ್ಯದ?"

"ನಂದು ಸೀ ಅದಲ್ಲೋ," ಎಂದರು ಅತ್ತೆ.

"ಖಾರೀನೂ ಕಹಿ."

ನಾನು ನಮ್ಮವರ ಕೈ ಹಿಡಿದು ಮೂಸಿದೆ. ಬೇವಿನೆಣ್ಣೆ. ಅತ್ತೆ ಮಗನ ಪೈಜಾಮದ ಜೇಬಿಗೆ ಕೈ ಹಾಕಿ ಹಿಡಿ ಮೊಗ್ಗು ಹೊರತೆಗೆದರು. ನಾನು ಗೇಟಿಗೆ ಓಡಿದೆ. ಅವರ ಕೈಗೆ ಎಟುಕದ ತುದಿಯಲ್ಲಿ ಒಂದೇ ಒಂದು ಕೆಂಪು ಹೂ ಅರಳಿ ನಿಂತಿತ್ತು. ಗೆದ್ದೆ ಎಂದು ಕುಣಿಯುವುದೊಂದು ಬಾಕಿ. ಮೊದಲು ಹೋಗಿ ಕಾಕುವನ್ನು ಊಟಕ್ಕೆ ಕರೆದು ಬಂದೆ.

ಸ್ನಾನ ಮಾಡಿ ನಮ್ಮವರು ಗೇಟಿನ ಹೊರಗೆ ಸ್ಕೂಟರ್ ಪೂಜೆಗೆ ನಿಂತರು. ಕುಂಕುಮ, ಕಾಯಿ, ಊದಿನಕಡ್ಡಿ ಎಲ್ಲ ಇತ್ತು, ಹೂ ಇರಲಿಲ್ಲ.

"ಆ ಒಂದ ಹೂ ಕೊಡ್ತಿ ಏನು?"

"ನನಗ್ಯಾಕ ಕೇಳ್ತೀರಿ, ಗಿಡಕ್ಕ ಕೇಳ್ರಿ."

ಓಣಿಯವರೆಲ್ಲ ನೋಡುತ್ತಿದ್ದಂತೆ ಅವರು ದಾಸವಾಳಕ್ಕೆ ಕೈಮುಗಿದರು. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದು ಮಗನ ಅಂಗೈಯಲ್ಲಿ ಬೆಲ್ಲದ ಉಂಡೆ ಇಟ್ಟರು. ನಾನು ಎತ್ತಿಟ್ಟ ಡಬ್ಬಿ ಅವರಿಗೆ ಹೇಗೆ ಸಿಕ್ಕಿತೋ.

"ತಿನ್ನಪ್ಪಾ," ಎಂದರು, "ಮುಂಜಾನಿಂದ ಬರೇ ಬೇವ ತಿಂದೀದಿ."