ದೊಡ್ಡದಾದರೆ ಮಾತ್ರ ಕೂಗು

ಬರೆಯಲು ಕೂತು ಒಂದು ಸಾಲೂ ಆಗಿಲ್ಲ, ಆಗಲೇ ಮಗಳು ಮೂರು ಸಲ ಎಬ್ಬಿಸಿದ್ದಾಳೆ. ಇರುವೆ ಬಂತಂತೆ. ಇರುವೆ ಹೋಯಿತಂತೆ. ಪೆನ್ಸಿಲ್ ಮುರಿಯಿತಂತೆ. "ದೊಡ್ಡದೇನಾದ್ರೂ ಆದ್ರೆ ಮಾತ್ರ ಕೂಗು" ಎಂದು ಗದರಿಸಿ ಬಂದಿದ್ದೇನೆ. ಆಫೀಸಿನಲ್ಲೂ ನನ್ನದು ಇದೇ ಕೆಲಸ. ಅಲ್ಲಿ ಗದರಿಸುವುದು ಸರ್ವರ್ ಎಂಬ ಕಂಪ್ಯೂಟರನ್ನು. ಅಲ್ಲಿ ನಡೆದದ್ದನ್ನೇ ಈಗ ಬರೆಯಲು ಕೂತಿದ್ದು.

೧. ಬಾಯಿಬಡುಕ

ಹೊನ್ನಾಳಿಯಲ್ಲಿ ನಮ್ಮದು ಸಣ್ಣ ಆಫೀಸು. ಜಗಳೂರಿನವರೆಗಿನ ಹಳ್ಳಿಗಳ ಕುಡಿಯುವ ನೀರಿನ ಟ್ಯಾಂಕುಗಳಿಗೆ ಮೀಟರ್ ಹಾಕಿದ್ದೇವೆ. ಅವು ಕಳಿಸಿದ್ದನ್ನು ಸರ್ವರ್ ಲೆಕ್ಕ ಹಾಕಿ ವರದಿ ಮಾಡುತ್ತದೆ. ಜೊತೆಗೆ ಏನೇನಾಯಿತೆಂದು ದಿನಚರಿಯನ್ನೂ ಬರೆದಿಡುತ್ತದೆ. ಅದೇ ಲಾಗ್. ಅದು ಎಷ್ಟು ಬರೆಯಬೇಕೆಂದು ಮಟ್ಟ ಇಡುವವಳು ಎಸೆಸೆಲ್ಸಿ ಓದಿದ ನಾನು. ಡೀಬಗ್ ಎಂದಿಟ್ಟರೆ ಉಸಿರು ಬಿಟ್ಟಿದ್ದನ್ನೂ ಬರೆಯುತ್ತದೆ. ವಾರ್ನಿಂಗ್ ಎಂದರೆ ಅಪಾಯ ಕಂಡಾಗ, ಎರರ್ ಎಂದರೆ ಯಂತ್ರ ಕೆಟ್ಟಾಗ ಮಾತ್ರ.

ಒಮ್ಮೆ ರಿಪೇರಿಗೆಂದು ಡೀಬಗ್‌ನಲ್ಲಿಟ್ಟು ಎಲ್ಲರೂ ಮರೆತೆವು. ಬರೆದೂ ಬರೆದೂ ಡಿಸ್ಕ್ ತುಂಬಿ ವರದಿಯೇ ನಿಂತಿತು. ಎಂಜಿನಿಯರ್ ಫೋನಿನಲ್ಲಿ, "ಏನಾಗೈತೆ ಅಂತ ಲಾಗ್ ಓದಿ ಹೇಳ್ರಿ" ಎಂದರು.

"ಜಾಗ ಇಲ್ಲ ಅಂತ ಬರೆಯಾಕೂ ಅದಕ್ಕೆ ಜಾಗ ಇಲ್ಲ ಸಾರ್."

೨. ಮೌನವ್ರತ

ಮಾಲೀಕರು ರೇಗಿದರು. "ಅದರ ಗೋಳು ಕೇಳಾಕಾಗಲ್ಲಮ್ಮ. ಇನ್ಮೇಲೆ ಎರರ್ ಒಂದೇ ಇಡು."

"ವಾರ್ನಿಂಗ್ ಬ್ಯಾಡ್ವಾ ಸಾರ್?"

"ಕೆಟ್ಟಾಗ ಹೇಳಿದ್ರೆ ಸಾಕು."

ಇಟ್ಟೆ. ವಾರವಿಡೀ ಪರದೆ ಖಾಲಿ. ಖುಷಿಗೆ ಅವರು ಮಂಡಕ್ಕಿ ಮಿರ್ಚಿ ತರಿಸಿದರು. ಎರಡನೇ ಮಿರ್ಚಿ ಬಾಯಲ್ಲಿದ್ದಾಗ ಜಗಳೂರು ಕಡೆಯ ಹಳ್ಳಿಯ ಹೆಂಗಸೊಬ್ಬಳ ಫೋನ್ ಬಂತು, ಆಸ್ಪತ್ರೆಯಿಂದ.

"ಮೂರು ದಿನದಿಂದ ಟ್ಯಾಂಕ್ ಖಾಲಿ ಐತೆ. ಹೊಂಡದ ನೀರು ಕುಡಿದು ನನ್ನ ಮಗನಿಗೆ ಡ್ರಿಪ್ ಹಾಕ್ಯಾರೆ. ನಿಮ್ಮ ಕಂಪ್ಯೂಟ್ರು ಏನು ಮಾಡ್ತೈತೆ?"

ನೋಡಿದೆ. ಮೀಟರ್ ಗಂಟೆಗೊಮ್ಮೆ ಪ್ರಾಮಾಣಿಕವಾಗಿ ಸೊನ್ನೆ ಕಳಿಸಿತ್ತು. ನೀರು ಮುಗಿಯುವುದು ನಮ್ಮಲ್ಲಿ ವಾರ್ನಿಂಗ್. ಯಂತ್ರ ಕೆಟ್ಟಿಲ್ಲವಲ್ಲ, ಎರರ್ ಆಗಲಿಲ್ಲ. ಗಾಬರಿಯಲ್ಲಿ, "ಮೀಟರ್ ಸರಿ ಐತೆ ಅಕ್ಕ" ಎಂದುಬಿಟ್ಟೆ.

"ಹಂಗಾದ್ರೆ ಮೀಟರನ್ನೇ ಕಳ್ಸು ತಾಯಿ, ಕುಡೀತೀವಿ."

೩. ಸಾಕ್ಷಿ

ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಮಾಲೀಕರು, "ವಾರ್ನಿಂಗ್ ಬ್ಯಾಡ ಅಂತ ನಾನು ಹೇಳಿದ್ದೆ ಅನ್ನಾಕೆ ಏನು ಸಾಕ್ಷಿ ಐತೆ, ಲಾಗ್‌ನಾಗೆ ತೋರ್ಸು" ಎಂದರು. ಲಾಗ್ ಖಾಲಿ; ಸರ್ವರ್ ಮಾತು ನಿಲ್ಲಿಸುವಂತೆ ಹೇಳಿದ್ದೇ ಅವರು. ಬಾಯಿ ಮುಚ್ಚು ಎಂದರೆ ಮುಚ್ಚುವುದರಲ್ಲಿ ಅದು ನನಗಿಂತ ವಿಧೇಯ.

ಹುಡುಗ ಬದುಕಿದ. ಈಗ ಮಟ್ಟ ವಾರ್ನಿಂಗ್‌ನಲ್ಲಿದೆ. ಯಾರು ಹೇಳಿದರೂ ನಾನು ಬದಲಿಸುವುದಿಲ್ಲ.

೪. ಮನೆ

ಇಷ್ಟು ಬರೆಯುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಮನೆ ತೀರಾ ಸದ್ದಿಲ್ಲದೆ ಇದೆ.

ಹೋಗಿ ನೋಡಿದರೆ ಮಗಳು ಮೂಲೆಯಲ್ಲಿ ಕೂತಿದ್ದಾಳೆ. ಬ್ಲೇಡಿನಲ್ಲಿ ತಾನೇ ಪೆನ್ಸಿಲ್ ಕೆತ್ತಲು ಹೋಗಿದ್ದಾಳೆ. ಬೆರಳಿಗೆ ಸುತ್ತಿಕೊಂಡ ಲಂಗದ ಅಂಚು ಕೆಂಪಾಗಿದೆ.

"ಯಾಕೆ ಕೂಗ್ಲಿಲ್ಲೇ?"

"ದೊಡ್ಡದೋ ಸಣ್ಣದೋ ಗೊತ್ತಾಗ್ಲಿಲ್ಲ" ಎಂದಳು. ಬೆರಳಿಗೆ ಬಟ್ಟೆ ಕಟ್ಟುತ್ತಿದ್ದ ನನ್ನನ್ನೇ ನೋಡುತ್ತಾ ಕೇಳಿದಳು, "ಎಷ್ಟು ರಕ್ತ ಬಂದ್ರೆ ಕೂಗಬೇಕಮ್ಮಾ?"