ಏಳನೇ ಕಲಮಿನ ಬಿಸಿ ರೊಟ್ಟಿ

ವಾಡಿಯ ಜಂಕ್ಷನ್ ಫುಟ್‌ಬಾಲ್ ಸಂಘದ ಸೆಂಟರ್ ಫಾರ್ವರ್ಡರೂ, ಈ ವರ್ಷದ ಐದೂರು ಕಪ್ಪಿನಲ್ಲಿ ಒಂಬತ್ತು ಗೋಲು ಹೊಡೆದವರೂ, ಸದ್ಯ ಆಡಲು ಒಲ್ಲೆನೆಂದು ಮನೆ ಕಟ್ಟೆಯ ಮೇಲೆ ಕುಳಿತವರೂ ಆದ ಶ್ರೀ ರತ್ನದೀಪ ಅವರಿಗೆ,

ಮಾನ್ಯರೇ,

ಜೈಭೀಮ್. ತಮ್ಮ ಎಡಗಾಲು, ಬಲಗಾಲು ಹಾಗೂ ಅವೆರಡನ್ನೂ ಆಳುವ ತಲೆ ಕ್ಷೇಮವೆಂದು ನಂಬಿದ್ದೇನೆ. ನಾನು ಯಂಕಮ್ಮ, ಅಂಗನವಾಡಿ ಕಾರ್ಯಕರ್ತೆ, ಸಂಘದ ಕಾರ್ಯದರ್ಶಿ ದೇವಿಂದ್ರ ಅವರ ಹೆಂಡತಿ. ಮೊನ್ನೆಮೊನ್ನೆಯವರೆಗೆ ತಾವು ನನ್ನನ್ನು ಕಾಕು ಎಂದು ಕರೆಯುತ್ತಿದ್ದಿರಿ. ಈಗ ಸಂಘಕ್ಕೆ ಕೊಟ್ಟ ನೋಟೀಸಿನಲ್ಲಿ 'ಸದರಿ ಮಹಿಳೆ' ಎಂದು ಬರೆಸಿದ್ದೀರಿ. ಈ ಬಡ್ತಿಗೆ ನಾನು ಭಾಳ ಋಣಿ.

ತಾವು ಸಂಘದೊಂದಿಗೆ ಮಾಡಿಕೊಂಡ ಕರಾರನ್ನು ಚಿತ್ತಾಪುರದ ತಹಶೀಲ್ ಕಚೇರಿಯ ಮುಂದೆ ಬಾಂಡ್ ಬರೆಯುವ ಮುಜಾಹಿದ್ ಅವರು ಬರೆದರಂತೆ, ತಾವು ಸಹಿ ಹಾಕಿದಿರಂತೆ, ನಮ್ಮ ಯಜಮಾನರೂ ಹಾಕಿದರಂತೆ, ಆಮೇಲೆ ಮೂವರೂ ಚಹಾ ಕುಡಿದಿರಂತೆ. ಅದರ ಏಳನೇ ಕಲಮಿನಲ್ಲಿ, ಪ್ರತಿ ಪಂದ್ಯದ ದಿನ ಆಟಗಾರನಿಗೆ ಕಾರ್ಯದರ್ಶಿಯ ಮನೆಯಿಂದ ಎಂಟು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಮತ್ತು ಶೇಂಗಾ ಹಿಂಡಿ ಕೊಡತಕ್ಕದ್ದು ಎಂದಿದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ ನನ್ನ ಎರಡೂ ಕೈಗಳನ್ನು ನನಗೆ ಹೇಳದೆ ಬರೆದುಕೊಟ್ಟಿದ್ದಾರೆ. ನನಗೆ ಗೊತ್ತಾಗಿದ್ದು ಹಿಟ್ಟಿನ ಡಬ್ಬಿ ಬೇಗ ಬೇಗ ಬರಿದಾಗತೊಡಗಿದ ಮೇಲೆಯೇ.

ಆದರೂ ಮಾಡಿದೆ. ವಾಡಿಯಲ್ಲಿ ಆಡಿದಾಗ ತಾವು ನಮ್ಮ ಅಡುಗೆಮನೆಯಲ್ಲೇ ಕುಳಿತು ತಿಂದಿರಿ, ಮೂರು ಗೋಲು ಹೊಡೆದಿರಿ. ನಾನೂ ಅಂಗನವಾಡಿ ಮಕ್ಕಳಿಗೆ ನನ್ನ ರೊಟ್ಟಿಯ ಗೋಲು ಅಂತ ಹೇಳಿಕೊಂಡು ಹಿಗ್ಗಿದೆ. ಆಮೇಲೆ ಚಿಂಚೋಳಿಯವರ ಮೇಲಿನ ಪಂದ್ಯ ಅವರೂರ ಪಕ್ಕದ ಚಂದಾಪುರದಲ್ಲಿ ಬಂತು. ಅಷ್ಟು ದೂರಕ್ಕೆ ಖಡಕ್ ರೊಟ್ಟಿಯೇ ಸರಿ, ಎಂಟು ದಿನ ಇಟ್ಟರೂ ಕೆಡುವುದಿಲ್ಲ ಎಂದು ನಾನು ಹೇಳಿದರೆ, ಬಾಂಡಿನಲ್ಲಿ ಬಿಸಿ ಎಂದಿದೆ, ಬಿಸಿಯೇ ಆಗಬೇಕು ಎಂದರು ನಮ್ಮವರು. ನಸುಕಿನಲ್ಲೆದ್ದು ಬಡಿದು, ಅರಿವೆ ಸುತ್ತಿ, ಡಬ್ಬಿಗೆ ಹಾಕಿ ಕೊಟ್ಟೆ. ರೊಟ್ಟಿ ಚಿತ್ತಾಪುರ ದಾಟುವಾಗ ಬಿಸಿಯಿತ್ತು, ಸೇಡಂನಲ್ಲಿ ಬಸ್ಸು ಬದಲಿಸುವಾಗ ಬೆಚ್ಚಗಿತ್ತು, ಚಂದಾಪುರ ಮುಟ್ಟುವಷ್ಟರಲ್ಲಿ ಆರಿತ್ತು. ಇದು ಎಲ್ಲ ರೊಟ್ಟಿಗಳ ಹಣೆಬರಹ. ತಾವು ಮುಟ್ಟಿ ನೋಡಿ, ಕರಾರು ಭಂಗವಾಗಿದೆ ಎಂದು ಬೂಟು ಬಿಚ್ಚಿ ಬೇವಿನಗಿಡದ ನೆರಳಿಗೆ ಹೋಗಿ ಕುಳಿತಿರಿ. ಹತ್ತು ಮಂದಿ ಆಡಿದರು, ಎರಡು ಗೋಲಿನಿಂದ ಸೋತರು.

ಮರುದಿನ ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತಿದ್ದ ಹಮೀದಾಬೇಗಂ ಎಲ್ಲರ ಎದುರಿಗೆ, "ಯಾಕ್ರಿ ಯಂಕಮ್ಮ, ಆರಿದ ರೊಟ್ಟಿ ಕಟ್ಟಿ ಮ್ಯಾಚ್ ಸೋಲಿಸಿದ್ರಂತಲ್ಲ?" ಎಂದು ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಮನೆಯ ರೊಟ್ಟಿಗೆ ಹೆಸರಿಟ್ಟು ಕುಂದು ಹೇಳುವ ಮಾತು ಬಂದಿದ್ದು ಅದೇ ಮೊದಲು. ನನಗೆ ಅಳು ಬಂತು, ಹಿಟ್ಟಿನ ಧೂಳು ಕಣ್ಣಿಗೆ ಹೋಯಿತೆಂದು ಹೇಳಿ ಮನೆಗೆ ಬಂದೆ.

ಆದರೆ ತಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು. ಸಂಘ ಮುಳುಗಿದರೂ ಕಲಮು ತೇಲಬೇಕು ಎನ್ನುವ ಇಂಥ ಮನುಷ್ಯ ತಾಲೂಕಿಗೊಬ್ಬ ಸಿಕ್ಕರೆ ಪುಣ್ಯ. ಆದ್ದರಿಂದ ನನ್ನ ವಿನಂತಿಗಳು ಸಣ್ಣವು: ಇನ್ನು ಮುಂದೆ ಐದೂರಿನ ಪಂದ್ಯಗಳನ್ನೆಲ್ಲ ನನ್ನ ರೊಟ್ಟಿ ಹಂಚಿನಿಂದ ಹತ್ತು ಮಾರಿನೊಳಗೆ ಆಡಿಸಬೇಕು, ಅದು ಕಷ್ಟವಾದರೆ ಗೋಲು ಕಂಬದ ಪಕ್ಕ ಒಲೆ ಹೂಡಿಸಿ, ಒಂದೊಂದು ರೊಟ್ಟಿ ಉಬ್ಬಿದಾಗಲೂ ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಬೇಕು, ಅದೂ ಆಗದಿದ್ದರೆ ಚಿಂಚೋಳಿಯನ್ನೇ ಎತ್ತಿ ವಾಡಿಯ ಹತ್ತಿರ ತಂದಿಡಲು ಸರ್ಕಾರಕ್ಕೆ ತಾವೇ ಒಂದು ನೋಟೀಸು ಕೊಡಬೇಕು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಸಂಘದ ಸಭೆ ಠರಾವು ಮಾಡಿದೆ: ಬರುವ ಭಾನುವಾರ ವಾಡಿಯಲ್ಲಿ ಶಹಾಬಾದಿನವರ ಮೇಲೆ ಕಪ್ಪಿನ ಕೊನೆಯ ಪಂದ್ಯವಿದ್ದು, ಆಟಕ್ಕೆ ಮುಂಚೆ ಸದರಿ ಮಹಿಳೆ ಮೈದಾನದ ನಟ್ಟನಡುವೆ ನಿಂತು ತಮ್ಮ ಕ್ಷಮೆ ಕೇಳಬೇಕು, ಕೇಳಿದರೆ ತಾವು ಆಡುವಿರಿ. ಇದನ್ನು ನಮ್ಮ ಯಜಮಾನರು ಕಾಗದದಿಂದ ಕಣ್ಣೆತ್ತದೆ ಓದಿ ಹೇಳಿದರು. ಓದಿ ಮುಗಿಸಿ, ಊಟಕ್ಕೆ ಏನಿದೆ ಎಂದು ಕೇಳಿದರು.

ಸುದ್ದಿ ಶಹಾಬಾದಿಗೂ ಮುಟ್ಟಿತು. ಮರುದಿನ ಅಲ್ಲಿಯ ತಂಡದ ಕ್ಯಾಪ್ಟನ್ ತಾರೀಕ ನಮ್ಮ ಅಂಗನವಾಡಿಗೆ ಬಂದು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು, ಖಾಲಿ ಬಾಂಡ್ ಪೇಪರ್ ನನ್ನ ಮುಂದಿಟ್ಟು, "ಅಕ್ಕಾ, ಇದರಾಗ ಏನೇನ್ ಬರೀಬೇಕು, ನೀವೇ ಹೇಳ್ರಿ" ಎಂದರು. ಮಾನ್ಯರೇ, ನನ್ನ ರೊಟ್ಟಿ ತಿಂದವರು ನೂರಾರು ಮಂದಿ, ನನ್ನನ್ನು ಕೇಳಿದವರು ಇವರೊಬ್ಬರೇ. ನಾನೇ ಬರೆದೆ: ಶಹಾಬಾದಿನವರಿಗೆ ಕೊಡುವ ರೊಟ್ಟಿ ಖಡಕ್ ಇರತಕ್ಕದ್ದು, ತಿಂದವರು ತಮ್ಮ ತಾಟು ತಾವೇ ತೊಳೆಯತಕ್ಕದ್ದು, ಕಪ್ಪು ಮುಗಿಯುವವರೆಗೆ ಈ ಕೈಯಿಂದ ಬೇರೆ ಯಾವ ತಂಡದವರಿಗೂ, ಅದರ ಕಾರ್ಯದರ್ಶಿಗೂ, ಒಂದು ರೊಟ್ಟಿಯೂ ಹೋಗತಕ್ಕದ್ದಲ್ಲ. ಕೆಳಗೆ ಯಂಕಮ್ಮ ಎಂದು ನಿಧಾನವಾಗಿ, ಪೂರ್ತಿಯಾಗಿ ಸಹಿ ಮಾಡಿದೆ.

ಆದಕಾರಣ ಭಾನುವಾರ ಮೈದಾನಕ್ಕೆ ಖಂಡಿತ ಬರುತ್ತೇನೆ, ಆದರೆ ಶಹಾಬಾದಿನವರ ಕಡೆ ಕುಳಿತಿರುತ್ತೇನೆ. ಕ್ಷಮೆ ಬೇಕಿದ್ದವರು ಅಲ್ಲಿಗೇ ಬಂದು ಕೇಳಬಹುದು.

ಕಲಮುಗಳಲ್ಲಿ ಈಗೀಗ ನಂಬಿಕೆ ಬಂದಿರುವ,
ತಮ್ಮ ವಿಶ್ವಾಸಿ,
ಯಂಕಮ್ಮ
(ಸದರಿ ಮಹಿಳೆ)

ತಾ.ಕ.: ತಮ್ಮ ಏಳನೇ ಕಲಮಿಗೆ ಧಕ್ಕೆಯಾಯಿತೆಂದು ದಯವಿಟ್ಟು ಗಾಬರಿಯಾಗಬೇಡಿ. ಅದನ್ನು ಎರಡು ಸಲ ಓದಿದೆ; ಕಾರ್ಯದರ್ಶಿಯ ಮನೆಯಿಂದ ಎಂದಿದೆಯೇ ಹೊರತು ಯಾರ ಕೈಯಿಂದ ಎಂದಿಲ್ಲ. ನಮ್ಮ ಯಜಮಾನರು ನಿನ್ನೆಯಿಂದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಾರೆ. ಒಂದು ಹಂಚಿಗೆ ಹತ್ತಿದೆ, ಎರಡು ಹರಿದಿವೆ, ಒಂದನ್ನು ನಾಯಿ ಮೂಸಿ ನೋಡಿ ಮುಂದೆ ಹೋಯಿತು. ಭಾನುವಾರ ತಮಗೆ ಎಂಟೂ ಸಿಗುತ್ತವೆ, ಬಿಸಿಯಾಗಿಯೇ ಇರುತ್ತವೆ. ಕರಾರಿನಲ್ಲಿ ಅಷ್ಟೇ ಇದೆ.